ಸ್ಲೈಡ್ ಕಡಿಮೆ ಮಾಡಿ ರೇಟ್ ಹೆಚ್ಚಿಸಿಕೊಂಡ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಾನು ಸ್ಲೈಡ್ ಮಾಡಿಕೊಡುವ ಕೆಲಸಕ್ಕೆ ಇಳಿದಾಗ ಒಂದು ಸ್ಲೈಡಿಗೆ ಮೂವತ್ತು-ನಲವತ್ತು ರೂಪಾಯಿ ಇತ್ತು. ಕಾಲೇಜಿನ ಪ್ರಾಜೆಕ್ಟ್, ಬ್ಯಾಂಕ್ ಸಾಲದ ಪ್ರಸ್ತಾವ, ಸೊಸೈಟಿಯ ವಾರ್ಷಿಕ ಸಭೆ, ಎಲ್ಲಕ್ಕೂ ಇದೇ ಲೆಕ್ಕ. ಅರವತ್ತು ಸ್ಲೈಡ್ ತುಂಬಿಸಿದವನಿಗೆ ದುಡ್ಡು; ಹತ್ತರಲ್ಲಿ ವಿಷಯ ಮುಗಿಸಿದವನಿಗೆ ಟೈಪಿಂಗ್ ಕೂಲಿಯೂ ಹುಟ್ಟುತ್ತಿರಲಿಲ್ಲ. ನಮ್ಮ ಭಾಗದಲ್ಲಿ ಸ್ಲೈಡುಗಳು ಹಾಳಾಗಿದ್ದೇ ಈ ರೇಟಿನಿಂದ ಅಂತ ಇವತ್ತಿಗೂ ಹೇಳುತ್ತೇನೆ.

ಅದರಿಂದ ಹೊರಬರಲು ದಾರಿ ಸಿಕ್ಕಿದ್ದು ಬ್ಯಾಡಗಿ ಕಡೆಯ ಒಂದು ರೈತ ಉತ್ಪಾದಕ ಕಂಪನಿಯ ಕೆಲಸದಲ್ಲಿ. ಮೆಣಸಿನಕಾಯಿ ಒಣಗಿಸುವ, ವಿಂಗಡಿಸುವ ಬಗ್ಗೆ ರೈತರಿಗೆ ತರಬೇತಿ. ಅವರ ಹತ್ತಿರ ಹಳೆಯ ಫೈಲ್ ಇತ್ತು: ಐವತ್ತು ಚಿಲ್ಲರೆ ಸ್ಲೈಡ್, ಗಾಢ ನೀಲಿ ಹಿನ್ನೆಲೆ, ಹಳದಿ ಅಕ್ಷರ, ಪೂರಾ "ನುಡಿ" ಅನ್ನುವ ಹಳೆಯ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ್ದರಿಂದ ಶುರುವಾಗಿ ಹತ್ತಾರು ವರ್ಷದ ಧಾರಣೆಯ ಎಕ್ಸೆಲ್ ಕೋಷ್ಟಕದವರೆಗೆ ಎಲ್ಲವೂ ಅದರಲ್ಲಿತ್ತು. ಹಿಂದಿನ ತರಬೇತಿಯಲ್ಲಿ ಸಭೆಯ ಹಾಲಿನ ಕಂಪ್ಯೂಟರಿಗೆ ನುಡಿ ಫಾಂಟ್ ಹಾಕಿರಲಿಲ್ಲವಂತೆ. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದು, ರೈತರು ಚಹಾ ಕುಡಿದು ಎದ್ದು ಹೋಗಿದ್ದರು.

ನಾನು ಒಂಬತ್ತು ಸ್ಲೈಡ್ ಮಾಡಿ ಮೂರೂವರೆ ಸಾವಿರ ಅಂದೆ. ಅಧ್ಯಕ್ಷರು ಫೈಲ್ ತಿರುವಿ, "ಏನ್ರೀ ಇದು, ಒಂದ ಫೋಟೋ, ಮೂರ ಶಬ್ದ. ಇದಕ್ಕ ಇಷ್ಟ ರೊಕ್ಕನ್ರಿ?" ಅಂದರು. ಕೊಪ್ಪಿಕರ ರಸ್ತೆಯಲ್ಲಿ ಇದೇ ಉದ್ಯೋಗ ಮಾಡುವ ಗೆಳೆಯ, "ನಿನ್ನ ಹೊಟ್ಟಿ ಮ್ಯಾಲ ನೀನ ಹೊಡಕೊಳ್ಳಾಕತ್ತೀಯಲೇ" ಅಂದ. ಅಧ್ಯಕ್ಷರಿಗೆ ನಾನು ಹೇಳಿದ್ದು ಇಷ್ಟೇ: "ಸರ, ಹಾಲಿನ ಕಡೀ ಸಾಲಿನ್ಯಾಗ ಕುಂತು ನೋಡ್ರಿ. ಓದಾಕ ಬಂದ್ರ ಕೊಡ್ರಿ, ಬರಲಿಲ್ಲಂದ್ರ ಬ್ಯಾಡ."

ಕಡೇ ಸಾಲನ್ನು ನಾನು ಮನೆಯಲ್ಲೇ ಅಳೆದುಕೊಂಡಿದ್ದೆ. ಆರು ಅಡಿ ಅಗಲದ ಪರದೆ ಐವತ್ತು ಅಡಿ ದೂರ ಕೂತವನಿಗೆ ಎಷ್ಟು ಚಿಕ್ಕದಾಗಿ ಕಾಣುತ್ತದೋ, ಹದಿನೈದು ಇಂಚಿನ ಲ್ಯಾಪ್‌ಟಾಪ್ ಒಂಬತ್ತು ಅಡಿಯಿಂದ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಪಡಸಾಲೆಯ ಈ ಗೋಡೆಗೆ ಲ್ಯಾಪ್‌ಟಾಪ್, ಆ ಗೋಡೆಗೆ ನಮ್ಮವ್ವ. ಅವ್ವ ಕನ್ನಡಕ ಇಲ್ಲದೆ ಓದಿದ್ದು ಉಳಿಯಿತು, ಉಳಿದದ್ದನ್ನು ತೆಗೆದೆ. 24 ಪಾಯಿಂಟಿನ ಒಂದು ಸಾಲೂ ಉಳಿಯಲಿಲ್ಲ. 44ರಿಂದ ಮೇಲಿನವು ಮಾತ್ರ ನಿಂತವು.

ಫಾಂಟಿನದ್ದೇ ದೊಡ್ಡ ತಲೆನೋವಾಯಿತು. ನಮ್ಮೂರ ಹೆಸರಿನ ಫಾಂಟೇ ಗೂಗಲ್ ಫಾಂಟ್ಸ್‌ನಲ್ಲಿದೆ, "ಹುಬ್ಬಳ್ಳಿ", ಅಕ್ಷರ ವಿನ್ಯಾಸಕಿ ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದು. ನನಗೆ ಅದರ ಮೇಲೆ ಬಹಳ ಪ್ರೀತಿ, ವಿಸಿಟಿಂಗ್ ಕಾರ್ಡಿಗೆ ಈಗಲೂ ಅದನ್ನೇ ಬಳಸುತ್ತೇನೆ. ಆದರೆ ಗೆರೆ ತೆಳು, ಇರುವುದೂ ಒಂದೇ ದಪ್ಪದಲ್ಲಿ. ಕಿಟಕಿಯಿಂದ ಬಿಸಿಲು ಬಿದ್ದ ಪರದೆಯ ಮೇಲೆ ಅದು ನಿಲ್ಲಲಿಲ್ಲ. ದಪ್ಪ ಇರಲಿ ಅಂತ ಬೇರೊಂದು ಫಾಂಟಿನ ಎಕ್ಸ್‌ಟ್ರಾ ಬೋಲ್ಡ್ ಹಾಕಿದರೆ ಮತ್ತೊಂದು ಕಷ್ಟ: "ಧ" ಕೆಳಗಿನ ಸೀಳು ಮುಚ್ಚಿ "ದ" ಆಯಿತು, "ಷ" ಹೊಟ್ಟೆಯೊಳಗಿನ ಗೆರೆ ತುಂಬಿ "ಪ" ಆಯಿತು. ಕಡೆಗೆ ನೋಟೋ ಸಾನ್ಸ್ ಕನ್ನಡದ ಸೆಮಿಬೋಲ್ಡ್ ಕೈಹಿಡಿಯಿತು. ಸಾಲುಗಳ ನಡುವಿನ ಅಂತರ 1.3ರ ಸುಮಾರು. ಅದಕ್ಕಿಂತ ಕಡಿಮೆ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಫೈಲ್ ಉಳಿಸುವಾಗ ಫಾಂಟ್ ಅದರೊಳಗೇ ಸೇರಿಸಿದ್ದೆ, ಜೊತೆಗೆ ಪೆನ್‌ಡ್ರೈವಿನಲ್ಲಿ ಒಂದು ಪಿಡಿಎಫ್ ಬೇರೆ.

ಹಿನ್ನೆಲೆ ಬಿಳಿ, ಅಕ್ಷರ ಕಪ್ಪು. ಕತ್ತಲೆ ಮಾಡಲಾಗದ ಹಾಲಿನಲ್ಲಿ ಗಾಢ ಹಿನ್ನೆಲೆ ಬೂದಿಯಾಗುತ್ತದೆ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕೆಂಪು ಬಣ್ಣ ಮಾತ್ರ ಬಹಳ ಕಾಡಿತು. ಬಾಡಿಗೆಗೆ ಸಿಗುವ ಅಗ್ಗದ ಡಿಎಲ್‌ಪಿ ಪ್ರೊಜೆಕ್ಟರುಗಳೊಳಗೆ ದೀಪದ ಬೆಳಕಿಗೆ ಬಣ್ಣ ಕೊಡುತ್ತ ತಿರುಗುವ ಚಕ್ರದಲ್ಲಿ ಬಿಳಿಯದೂ ಒಂದು ಭಾಗ ಇರುವುದರಿಂದ ಬಿಳಿ ಹೊಳೆಯುತ್ತದೆ, ಅದರ ಪಕ್ಕ ಕೆಂಪು ಮಂಕಾಗುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ, ಅದೇ ಇಟ್ಟಿಗೆ ಬಣ್ಣದಲ್ಲಿ ಕಂಡರೆ ರೈತ ಒಪ್ಪುತ್ತಾನೆಯೇ? ಫೋಟೋಕ್ಕೆ ನಾನೇನು ಮಾಡಿ ಆ ಕೆಂಪು ತಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಅನ್ನ ಅದರಲ್ಲೇ ಇದೆ.

ನಾಲ್ಕನೇ ಸ್ಲೈಡಿನದ್ದು ಹೇಳಲೇಬೇಕು. ಎಡಕ್ಕೆ ನೆಲದ ಮೇಲೆ ಒಣಗಿಸಿದ, ಮಣ್ಣು ಹತ್ತಿದ ಒಂದು ಬೊಗಸೆ "ಕಡ್ಡಿ" ತಳಿಯ ಮೆಣಸಿನಕಾಯಿ. ಬಲಕ್ಕೆ ತಾಡಪಾಲ ಮೇಲೆ ಒಣಗಿಸಿದ್ದು. ಎರಡನ್ನೂ ಒಂದೇ ಕಣದಲ್ಲಿ, ಒಂದೇ ಬೆಳಕಿನಲ್ಲಿ ನನ್ನ ಮೊಬೈಲಿನಲ್ಲೇ ತೆಗೆದದ್ದು. ಕೆಳಗೆ "ಯಾವುದಕ್ಕೆ ರೇಟ್ ಹೆಚ್ಚು?" ಅಂತ ಒಂದೇ ಪ್ರಶ್ನೆ. ತರಬೇತಿ ಕೊಡುವವರು ಬಾಯಿ ತೆರೆಯುವ ಮೊದಲೇ ರೈತರು ತಮ್ಮತಮ್ಮೊಳಗೆ ವಾದಕ್ಕೆ ಬಿದ್ದರು, ಸುಮಾರು ಕಾಲು ತಾಸು. "ತಾಡಪಾಲ ರೊಕ್ಕ ಯಾರ ಕೊಡತಾರ?" ಅಂತ ಒಬ್ಬ, "ಹೋದ ವರ್ಷ ಮಣ್ಣ ಹತ್ತೈತಿ ಅಂತ ನನ್ನ ಚೀಲ ಕೆಳಗಿನ ರೇಟಿಗೆ ಹೋತು" ಅಂತ ಇನ್ನೊಬ್ಬ. ಆಗ ಕೀಬೋರ್ಡಿನ ಬಿ ಕೀಲಿ ಒತ್ತಿ ಪರದೆ ಕಪ್ಪು ಮಾಡಿಸಿದೆ. ತೇವ ಶೇಕಡಾ 10ರ ಸುಮಾರಿಗೆ ಇಳಿದ ಕಾಯಿಯನ್ನು ಕೈಯಿಂದ ಕೈಗೆ ದಾಟಿಸಿದರು, ಎಲ್ಲರೂ ಮುರಿದು ನೋಡಿದರು. ಹಳೆಯ ಫೈಲಿನಲ್ಲಿ ಇದೇ ವಿಷಯಕ್ಕೆ ಏಳೆಂಟು ಸ್ಲೈಡ್ ಇದ್ದವು.

ಸಂಜೆಯೇ ಪೂರ್ತಿ ಹಣ ಕೈಗೆ ಬಂತು. ಮುಂದಿನ ಹಂಗಾಮಿಗೆ ಅಧ್ಯಕ್ಷರೇ ಫೋನ್ ಮಾಡಿದರು.

ನಡುವೆ ಕರೆಂಟ್ ನೆಚ್ಚಿಕೊಳ್ಳಲಾಗದ ಊರಿಗೆ ಅಂತ ಅವೇ ಸ್ಲೈಡುಗಳನ್ನು ಫ್ಲೆಕ್ಸ್ ಹೊಡೆಸಿ ನೋಡಿದೆ. ನಾಲ್ಕು ಅಡಿಗೆ ಮೂರು ಅಡಿ, ಚದರಡಿಗೆ ಹದಿಮೂರೋ ಹದಿನಾಲ್ಕೋ ರೂಪಾಯಿ, ಒಂಬತ್ತಕ್ಕೂ ಸೇರಿ ಸಾವಿರದ ನಾನೂರರ ಆಸುಪಾಸು. ಗುಡಿಯ ಕಟ್ಟೆಯ ಮುಂದೆ ಹಗಲು ಚಲೋ ನಡೆಯಿತು. ಟ್ಯೂಬ್‌ಲೈಟಿನ ಕೆಳಗೆ ಫ್ಲೆಕ್ಸ್ ಮಿಂಚಿ ಅರ್ಧ ಜನಕ್ಕೆ ಏನೂ ಕಾಣಲಿಲ್ಲ. ಬಟ್ಟೆಯ ಮೇಲೆ ಹೊಡೆಸಿದರೆ ಮಿಂಚುವುದಿಲ್ಲ, ಆದರೆ ಖರ್ಚು ಕೈಮೀರುತ್ತದೆ. ಇನ್ನೂ ನೋಡುತ್ತಿದ್ದೇನೆ.

ಈಗ ಸ್ಲೈಡ್ ಎಣಿಸಿ ದುಡ್ಡು ಕೊಡುವವರ ಕೆಲಸ ನಾನು ಹಿಡಿಯುವುದಿಲ್ಲ. ಸದ್ಯ ಕೈಯಲ್ಲಿರುವುದು ಗದಗ-ಬೆಟಗೇರಿಯ ನೇಕಾರರ ಒಂದು ಗುಂಪಿನದು. ಸೀರೆಯ ಫೋಟೋ ಬೇಡ, ಸೀರೆಯನ್ನೇ ಹಿಡಿದುಕೊಂಡು ಬನ್ನಿ ಅಂದಿದ್ದೇನೆ. ಪರದೆಯ ಮೇಲೆ ನೂಲಿಗೆ ಎಷ್ಟು, ಕೂಲಿಗೆ ಎಷ್ಟು, ಮಾರಿದ್ದು ಎಷ್ಟಕ್ಕೆ, ಈ ಮೂರೇ ಅಂಕಿ. ಐದು ಸಾವಿರಕ್ಕೆ ಒಪ್ಪಿದ್ದಾರೆ, ಅರ್ಧ ಮುಂಗಡ ಬಂದಿದೆ.