ಹಳೆಯ ಥಿಂಕ್‌ಪ್ಯಾಡ್ ಎಕ್ಸ್230ಕ್ಕೆ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಅಳವಡಿಸುವ ವಿಧಾನ

2012ರಲ್ಲಿ ಮಾರುಕಟ್ಟೆಗೆ ಬಂದ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್230 ಲ್ಯಾಪ್‌ಟಾಪ್ ನಿಧಾನವಾಗಿದ್ದರೆ, ನಡೆಯುತ್ತಿರುವ ಕೆಲಸಗಳನ್ನು ಹಿಡಿದಿಡುವ ಮೆಮೊರಿಯಾದ ರ‍್ಯಾಮ್‌ಗಿಂತ ಮೊದಲು ಹಾರ್ಡ್ ಡಿಸ್ಕನ್ನು ಬದಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಿರುಗುವ ಡಿಸ್ಕು ಚದುರಿದ ಸಣ್ಣ ಕಡತಗಳನ್ನು ಹುಡುಕಲು ಪ್ರತಿ ಸಲವೂ ಕೆಲವು ಮಿಲಿಸೆಕೆಂಡು ಕಳೆಯುತ್ತದೆ. ಕಡತಗಳನ್ನು ಚಿಪ್ಪುಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲದ್ದರಿಂದ ಆ ವಿಳಂಬ ಬಹುಮಟ್ಟಿಗೆ ಇಲ್ಲವಾಗುತ್ತದೆ. ಕಂಪ್ಯೂಟರ್ ಆನ್ ಮಾಡಿದ ಕ್ಷಣದಿಂದಲೇ ಇದರ ವ್ಯತ್ಯಾಸ ಗೊತ್ತಾಗುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಅದು 2.5 ಇಂಚಿನ ಸಾಟಾ (ಹಳೆಯ ಹಾರ್ಡ್ ಡಿಸ್ಕಿನಂಥದೇ ಕನೆಕ್ಟರಿನ) ಮಾದರಿಯದೇ, ದಪ್ಪ 7 ಮಿಲಿಮೀಟರೇ ಎಂದು ನೋಡಿಕೊಳ್ಳಬೇಕು, ಹಳೆಯ 9.5 ಮಿಲಿಮೀಟರ್ ಡಿಸ್ಕುಗಳು ಇಲ್ಲಿ ಹಿಡಿಸುವುದಿಲ್ಲ. ಈಗ ಹೆಚ್ಚಾಗಿ ಮಾರಾಟವಾಗುವ, ತೆಳ್ಳನೆಯ ಪಟ್ಟಿಯಂತಿರುವ ಎನ್‌ವಿಎಂಇ ಎಸ್‌ಎಸ್‌ಡಿಗೆ ಈ ಯಂತ್ರದಲ್ಲಿ ಜಾಗವಿಲ್ಲ. ರ‍್ಯಾಮ್ ಡಿಡಿಆರ್3 ಪೀಳಿಗೆಯ ಸೋಡಿಮ್ (ಲ್ಯಾಪ್‌ಟಾಪಿಗೆ ಹಾಕುವ ಚಿಕ್ಕ ಪಟ್ಟಿ) ಆಗಿರಬೇಕು. ಡಿಡಿಆರ್4ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಸ್ಲಾಟಿಗೆ ಕೂರುವುದೇ ಇಲ್ಲ. ಎರಡು ಸ್ಲಾಟುಗಳಿಗೆ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿ 16 ಜಿಬಿವರೆಗೆ ಏರಿಸಬಹುದು. ದಾಖಲೆ ಬರವಣಿಗೆಗೆ ಮತ್ತು ಬ್ರೌಸರಿನಲ್ಲಿ ಕೆಲವೇ ಟ್ಯಾಬುಗಳಿಗೆ 8 ಜಿಬಿ ಸಾಕಾಗುತ್ತದೆ. ಆದ್ದರಿಂದ ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಬಳಕೆಯನ್ನು ಗಮನಿಸಿದ ಮೇಲೆಯೇ ಹಣ ಹಾಕುವುದು ಒಳ್ಳೆಯದು. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಂತಹ ಕಡೆ ಬಳಸಿದ ಪಟ್ಟಿಗಳನ್ನು ಕೊಳ್ಳುವವರು, ಅಂಗಡಿಯಲ್ಲೇ ಯಂತ್ರಕ್ಕೆ ಹಾಕಿಸಿ ನೋಡಿ ತರಬೇಕು.

ಬಿಚ್ಚುವ ಮೊದಲು ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಈ ಒಂದು ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ನಂತರ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿಯನ್ನೂ ಹೊರತೆಗೆದು, ಮೈಯಲ್ಲಿರಬಹುದಾದ ಸ್ಥಿರ ವಿದ್ಯುತ್ತು ಹರಿದುಹೋಗುವಂತೆ ಯಾವುದಾದರೂ ದೊಡ್ಡ ಲೋಹದ ವಸ್ತುವನ್ನು ಮುಟ್ಟಿ. ಡಿಸ್ಕಿನ ಬದಿಯ ಮುಚ್ಚಳದ ಸ್ಕ್ರೂ ತೆಗೆದು ಡಿಸ್ಕನ್ನು ನೇರವಾಗಿ ಹೊರಕ್ಕೆಳೆಯಿರಿ. ಅದರ ಎರಡು ಅಂಚಿನಲ್ಲಿರುವ ರಬ್ಬರ್ ಪಟ್ಟಿಗಳನ್ನು ಹೊಸದಕ್ಕೆ ತೊಡಿಸಿ, ಕನೆಕ್ಟರಿಗೆ ಕೂರುವವರೆಗೆ ಮೆಲ್ಲಗೆ ಒಳಕ್ಕೆ ತಳ್ಳಿ.

ರ‍್ಯಾಮ್ ಸ್ಲಾಟುಗಳು ತಳದ ಮುಚ್ಚಳದ ಕೆಳಗಿವೆ. ಎರಡೂ ಬದಿಯ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿದರೆ ಹಳೆಯ ಪಟ್ಟಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ, ಚಿನ್ನದ ಬಣ್ಣದ ಅಂಚು ಬಹುತೇಕ ಮರೆಯಾಗುವಷ್ಟು ಒಳಗೆ ಕೂರಿಸಿ, ಕ್ಲಿಪ್ಪು ಸದ್ದು ಮಾಡುವವರೆಗೆ ಕೆಳಕ್ಕೊತ್ತಿ.

ಆನ್ ಮಾಡಿ ಎಫ್1 ಒತ್ತಿ ಬಯಾಸಿನಲ್ಲಿ (ಯಂತ್ರದ ಮೂಲ ಸೆಟ್ಟಿಂಗುಗಳ ಪರದೆಯಲ್ಲಿ) ಒಟ್ಟು ಮೆಮೊರಿ ಸರಿಯಾಗಿ ಕಾಣುತ್ತಿದೆಯೇ ನೋಡಿ; ಕಡಿಮೆ ತೋರಿಸಿದರೆ ಅಥವಾ ಪರದೆ ಕಪ್ಪಾಗಿಯೇ ಉಳಿದರೆ, ಮತ್ತೆ ಆಫ್ ಮಾಡಿ ಪಟ್ಟಿಗಳನ್ನು ಒಂದೊಂದಾಗಿ ಕೂರಿಸಿ ಪರೀಕ್ಷಿಸಿ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲದಿರುವುದರಿಂದಲೂ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದಲೂ, ಹೊಸ ಎಸ್‌ಎಸ್‌ಡಿಗೆ ವಿಂಡೋಸಿನ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಮಿಂಟ್ ಹಾಕುವುದನ್ನೇ ನಾನು ಸೂಚಿಸುತ್ತೇನೆ. ಹಳೆಯ ಡಿಸ್ಕನ್ನು ಕೆಲವು ವಾರ ಅಳಿಸದೆ ಇಟ್ಟುಕೊಂಡು, ಎಲ್ಲ ಕಡತಗಳೂ ಹೊಸದರಲ್ಲಿ ತೆರೆಯುತ್ತವೆ ಎಂದು ಖಾತ್ರಿಯಾದ ಬಳಿಕವಷ್ಟೇ ಅದನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಬೇರೆ ಕೆಲಸಕ್ಕೆ ಬಳಸಿ.