ಹೆಸರು ಬಿಟ್ಟು ಸರ್ವೆ ನಂಬರ್ ಹಿಡಿದೆ, ಏಳು ತಲೆಮಾರು ಸಿಕ್ಕಿತು

"ಹೆಳವರು ಕಾಳಿನ ಆಸೆಗೆ ಹಾಡ್ತಾರಪಾ, ಅದನ್ನ ನಂಬಿ ವಂಶಾವಳಿ ಬರೀತಿ ಏನು?" ಅಂತ ನಮ್ಮ ಕಾಕಾ ನಕ್ಕಿದ್ದರು. ಹೆಳವರು ಅಂದ್ರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹಾಡಿ ಹೇಳೋರು.

ಮೊದಲ ಎರಡು ವರ್ಷ ಪೂರ್ತಿ ದಂಡ. ನಮ್ಮ ಧಾರವಾಡ ಸೀಮೆಯಲ್ಲಿ ಓಣಿಗೆ ನಾಲ್ಕು ಬಸಪ್ಪ, ಅದರ ಮೇಲೆ ಅಜ್ಜನ ಹೆಸರೇ ಮೊಮ್ಮಗನಿಗೆ. ಹಳೇ ದಾಖಲೆಗಳ ಮೋಡಿ ಲಿಪಿ (ಮರಾಠಿಯ ಹಳೇ ಕೂಡುಬರಹ) ಓದಿಸಲು ಹಾಳೆಗೆ 300ರಂತೆ ಸುಮಾರು ಎಂಟು ಸಾವಿರ ಸುರಿದೆ. ಮೋಡಿಯಲ್ಲಿ ಪದಗಳ ನಡುವೆ ಜಾಗ ಬಿಡೋದಿಲ್ಲ ಅಲ್ವಾ, ಓದಿದವರು ಎರಡು ಕಡೆ 'ಬಿನ್' (ಇಂಥವನ ಮಗ ಅನ್ನೋ ಪದ) ನುಂಗಿಬಿಟ್ಟರು. ಅಜ್ಜ, ಮೊಮ್ಮಗ ಒಬ್ಬನೇ ಆಗಿ ನನ್ನ ಪಟ್ಟಿಯಲ್ಲಿ 80 ವರ್ಷ ಒಬ್ಬನೇ ಖಾತೆದಾರ! ಕೊನೆಗೆ ಮೋಡಿ ನಾನೇ ಕಲಿತೆ. ಮಾಸಿದ ಶಾಯಿ ಕಾಣಿಸದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ಬಣ್ಣ ತಿರುವುಮುರುವು ಮಾಡಿ ನೋಡಿ, ಅರ್ಧಕ್ಕರ್ಧ ಎದ್ದು ಬರುತ್ತೆ. ಅರಿಶಿನದ ನೀರು ಸವರಿ ನೋಡೋಣ ಅಂತ ಮನೆಯ ಹಳೇ ಪತ್ರವೊಂದನ್ನ ಹಾಳು ಮಾಡಿದ್ದೂ ಇದೆ, ಅದು ಬೇಡ.

ಆಮೇಲೆ ಹೆಸರು ಬಿಟ್ಟು ನಮ್ಮ ಹೊಲದ ಸರ್ವೆ ನಂಬರ್ ಹಿಡಿದೆ. ಈಗಿನ ಪಹಣಿಯ ಹಿಸ್ಸಾಗಳನ್ನ (ಪಾಲಾದ ತುಂಡುಗಳನ್ನ) ಮತ್ತೆ ಒಂದು ಮಾಡುತ್ತಾ, ವಾರಸಾ ವರ್ದಿಗಳನ್ನ (ಖಾತೆದಾರ ತೀರಿದ ಮೇಲೆ ವಾರಸುದಾರರ ಹೆಸರು ಏರಿಸಿದ ದಾಖಲೆಗಳನ್ನ) ಹಿಂದಕ್ಕೆ ಓದುತ್ತಾ 1910ರ ಆಸುಪಾಸಿಗೆ ಬಂದೆ. ದಾರಿ ಅಲ್ಲಿಗೆ ನಿಂತಿತು.

ಅಲ್ಲಿಂದ ಹಿಂದಕ್ಕೆ ಹೆಳವರೇ ಗತಿ. ಸುಗ್ಗಿ ಮುಗಿದ ಮೇಲೆ ಬಂದರು, ಹಿಂದಿನಂತೆ ಎತ್ತಿನ ಮೇಲಲ್ಲ, ಬೈಕಲ್ಲಿ. ಐದು ಸಾವಿರ, ಒಂದು ಚೀಲ ಜೋಳ. ನನಗೆ ಗೊತ್ತಿದ್ದ ಒಂದು ಹೆಸರನ್ನೂ ಬಾಯಿ ಬಿಡದೆ ಸುಮ್ನೆ ಕೂತೆ. ಪುಸ್ತಕ ಬಿಚ್ಚಿ ಓದುತ್ತಾ ಹೋದರು. ಮೂರು ತಲೆಮಾರು ವರ್ದಿಗೆ ಸರಿಯಾಗಿ ಕೂತಿತು. ಮಕ್ಕಳಿಲ್ಲದೆ ತೀರಿಕೊಂಡ ಒಬ್ಬ ಅಣ್ಣನ ಹೆಸರೂ ಬಂತು. ಅದು ವರ್ದಿಯಲ್ಲಿ ಮಾತ್ರ ಇತ್ತು, ಕಾಕಾಗೂ ಗೊತ್ತಿರಲಿಲ್ಲ. ಆಗಲೇ ನಂಬಿಕೆ ಬಂದಿದ್ದು.

"ಈಶ್ವರ ಸಂವತ್ಸರದ ಬರದಾಗ ಮೂಲ ಊರು ಬಿಟ್ಟರು" ಅಂತಿತ್ತು. ಈಶ್ವರ 60 ವರ್ಷಕ್ಕೊಮ್ಮೆ ಬರುತ್ತೆ. 1937 ಆಗೋದಿಲ್ಲ, 1910ಕ್ಕೇ ಹೊಲ ನಮ್ಮ ಹೆಸರಲ್ಲಿತ್ತು. ಹಾಗಾದ್ರೆ 1877, ಧಾತು, ಈಶ್ವರ ಎರಡೂ ಸಂವತ್ಸರಗಳಲ್ಲಿ ಬಿದ್ದ ಅದೇ ಧಾತು ಈಶ್ವರ ಬರ. ಬರೀ ಸಂವತ್ಸರ ಇದ್ದರೆ ಮೋಸ ಹೋಗ್ತೀರಿ, ಪಕ್ಕದಲ್ಲಿ ಬರ, ಪ್ಲೇಗು ಅಂತ ಏನಾದರೂ ಇದೆಯಾ ನೋಡಿ.

ನಮ್ಮ ಮನೆತನದ ಹೆಳವರನ್ನ ಹೇಗೆ ಪತ್ತೆ ಹಚ್ಚಿದೆ ಅಂತ ಮಾತ್ರ ಕೇಳಬೇಡಿ, ಅದಕ್ಕೇ ಒಂದೂವರೆ ವರ್ಷ ಹಿಡಿದಿದೆ.

ಎಲ್ಲ ಸೇರಿ 22 ಸಾವಿರದಷ್ಟು ಖರ್ಚಾಗಿರಬೇಕು. ಪಟ್ಟಿಗೆ ಲ್ಯಾಮಿನೇಶನ್ ಮಾಡಿಸಿದ್ದು ಕಾಕಾ. ಆ 60 ರೂಪಾಯಿ ಅವರದ್ದು.