ಕಸಿ ಆದವರ ಮನೆಯಲ್ಲಿ ವಾಂತಿ-ಬೇಧಿ ಶುರುವಾದರೆ ಏನು ಮಾಡಬೇಕು?

ಕಿಡ್ನಿ ಕಸಿ ಆದವರು ಅಥವಾ ಕೀಮೋ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ, ಬೇಧಿ ಶುರುವಾದಾಗ "ನಿನ್ನೆಯ ಮೀನು ಹಿಡಿಸಲಿಲ್ಲ" ಅಂತ ಸುಮ್ನೆ ಕೂರಬೇಡಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಸೋದರಮಾವನ ಮನೆಯಲ್ಲಿ ಹಾಗೆಯೇ ಕೂತರು. ಮೊದಲು ಮೊಮ್ಮಗನಿಗೆ ವಾಂತಿ, ಮರುದಿನ ಅತ್ತೆಗೆ, ಆಮೇಲೆ ಕಸಿ ಆಗಿ ಐದು ತಿಂಗಳಾಗಿದ್ದ ಮಾವನಿಗೆ. ಹುಡುಗ ಎರಡೇ ದಿನಕ್ಕೆ ಎದ್ದು ಆಡಲು ಹೋದ. ಮಾವನ ಬೇಧಿ ಆರು ವಾರ ನಿಲ್ಲಲಿಲ್ಲ. ವಾಂತಿ-ಬೇಧಿ ತರುವ ನೊರೊವೈರಸ್ ಎಂಬ ವೈರಸ್ಸಿನ ಬುದ್ಧಿಯೇ ಅದು. ಗಟ್ಟಿಮುಟ್ಟಾಗಿರುವವರಿಗೆ ಒಂದೆರಡು ದಿನ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ.

ಎಲ್ಲರೂ ಎಡವುವುದು ವಾಂತಿ ಒರೆಸುವಾಗ. ಫಿನಾಯಿಲ್ ಸುರಿದು, ಒದ್ದೆ ಬಟ್ಟೆಯಲ್ಲಿ ಎಳೆದು, ಅದೇ ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಹಿಂಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಿನಾಯಿಲ್ ವಾಸನೆ ಹೋಗಲಾಡಿಸುತ್ತದೆ, ಈ ವೈರಸ್ಸಿಗೆ ಅದನ್ನು ನಂಬುವಂತಿಲ್ಲ. ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಇರುತ್ತದಲ್ವಾ, ಅದೇ ಬೇಕು. ಒಂದು ಲೀಟರ್ ನೀರಿಗೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ತೆಗೆದುಕೊಳ್ಳಿ. ಪುಡಿ ಗಟ್ಟಿಯಾಗಿ ಘಾಟೇ ಇಲ್ಲದಿದ್ದರೆ ಅದರಲ್ಲಿ ಸತ್ವ ಉಳಿದಿಲ್ಲ, ಹೊಸತು ತನ್ನಿ.

ಫ್ಯಾನ್ ಆರಿಸಿ, ಕಿಟಕಿ ತೆರೆಯಿರಿ, ರೋಗಿಯನ್ನು ಬೇರೆ ಕೋಣೆಗೆ ಕಳಿಸಿ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ವಾಂತಿಯ ಮೇಲೆ ಹಳೆ ಪೇಪರ್ ಹರಡಿ ಅದು ನೆನೆಯುವಷ್ಟು ತಿಳಿ ಸುರಿಯಿರಿ. ಹತ್ತು ನಿಮಿಷ ಮುಟ್ಟಬೇಡಿ. ಆಮೇಲೆ ಅಂಚಿನಿಂದ ನಡುವಿಗೆ ಒಟ್ಟು ಮಾಡಿ ಕವರಿನಲ್ಲಿ ಕಟ್ಟಿ, ಸುತ್ತ ನಾಲ್ಕು ಮಾರು ಜಾಗಕ್ಕೂ ಅದೇ ತಿಳಿ ಹಚ್ಚಿ, ಇನ್ನೊಂದು ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ಒರೆಸಿ. ಕಾವಿ ನೆಲದ ಬಣ್ಣ ಸ್ವಲ್ಪ ಮಾಸಬಹುದು, ಮಾಸಲಿ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಇದಕ್ಕೆ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.

ಕೈಗೆ ಸೋಪು, ನೀರು, 20 ಸೆಕೆಂಡ್. ಈ ವೈರಸ್ಸಿಗೆ ಸ್ಯಾನಿಟೈಸರ್ ಸಾಲದು. ವಾಂತಿ-ಬೇಧಿ ನಿಂತ ಎರಡು ದಿನದವರೆಗೂ ಅತ್ತೆ ಅಡುಗೆಮನೆಗೆ ಹೋಗಬಾರದಿತ್ತು.

ಓಆರ್‌ಎಸ್ ವಿಷಯ. ಅಂಗಡಿಯ ಬಣ್ಣದ ಟೆಟ್ರಾ ಪ್ಯಾಕ್ ಬೇಡ, ಅವುಗಳಲ್ಲಿ ಹಲವದರಲ್ಲಿ ಸಕ್ಕರೆ ಜಾಸ್ತಿ. ಸರಿಯಾದ ಸೂತ್ರದ್ದಲ್ಲದ ಪಾನೀಯಕ್ಕೆ ಓಆರ್‌ಎಸ್ ಅಂತ ಹೆಸರಿಡಬಾರದೆಂದು 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶವನ್ನೇ ಹೊರಡಿಸಿತು. ಆಶಾ ಕಾರ್ಯಕರ್ತೆ ಕೊಡುವ ಪ್ಯಾಕೆಟ್ಟೇ ಸಾಕು. ಅದರ ಮೇಲಿನ ಮಲಯಾಳಂ ಓದಲು ಬಾರದ ಹಿರಿಯರು ಇಡೀ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿಯುವುದನ್ನು ನೋಡಿದ್ದೇನೆ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. 24 ಗಂಟೆ ಕಳೆದರೆ ಚೆಲ್ಲಿ. ಕಸಿ ಆದವರಿಗೆ ಬೊಂಡ (ಎಳನೀರು) ಕೊಡುವ ಮೊದಲು ಡಾಕ್ಟರನ್ನು ಕೇಳಿ, ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಎಷ್ಟು ನೀರು ಕುಡಿಯಬಹುದು ಅಂತಲೂ ಆಗಲೇ ಕೇಳಿಬಿಡಿ.

ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ಬೇಧಿ ಕಟ್ಟುವ ಮಾತ್ರೆಯನ್ನು ಮೆಡಿಕಲ್‌ನಿಂದ ತಂದು ನುಂಗಿಸಲೂ ಬೇಡಿ. ಬೇಧಿಯಾದಾಗ ರಕ್ತದಲ್ಲಿ ಕಸಿಯ ಮಾತ್ರೆಯಾದ ಟ್ಯಾಕ್ರೊಲಿಮಸ್ ಮಟ್ಟ ಏರಬಹುದು, ಕಸಿಯವರ ಇನ್ನೊಂದು ಮಾತ್ರೆ ಮೈಕೊಫೆನೊಲೇಟ್‌ನಿಂದಲೇ ಬೇಧಿ ಆಗುವುದೂ ಉಂಟು. ಯಾವುದನ್ನು ಎಷ್ಟು ಇಳಿಸಬೇಕು ಅನ್ನುವುದು ರಕ್ತ ಪರೀಕ್ಷೆ ನೋಡಿ ಡಾಕ್ಟರು ಹೇಳಬೇಕಾದ್ದು. ಆಂಟಿಬಯಾಟಿಕ್ ವೈರಸ್ಸಿಗೆ ತಾಗುವುದಿಲ್ಲ.

ಕೀಮೋದವರಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಇಬ್ಬರಲ್ಲಿ ಯಾರಿಗೇ ಆಗಲಿ ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ಮಂಗಳೂರಿನ ಆಸ್ಪತ್ರೆಗೆ ಹೊರಡಿ. ಕಸಿ ಆದವರಿಗೆ ಹೀಗೆ ರಕ್ತ ಬಂದಾಗ ಸಿಎಂವಿ (ಸೈಟೊಮೆಗಲೊವೈರಸ್ ಎಂಬ ಇನ್ನೊಂದು ವೈರಸ್) ಬಗ್ಗೆ ನೀವೇ ಕೇಳಿ. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಅದು ಚಿಕ್ಕಂದಿನಿಂದ ಸುಮ್ನೆ ಮಲಗಿರುತ್ತದೆ, ಕಸಿಯ ಔಷಧಿ ಶುರುವಾದ ಮೇಲೆ ಕರುಳಿನಲ್ಲಿ ಹುಣ್ಣು ಮಾಡಬಹುದು. ವೈರಸ್ ಹುಡುಕುವ ರಕ್ತ ಪರೀಕ್ಷೆಯಾದ ಪಿಸಿಆರ್‌ನಲ್ಲಿ ಕಾಣದೆ, ಕೊಲೊನೊಸ್ಕೋಪಿ ಮಾಡಿ (ದೊಡ್ಡ ಕರುಳಿಗೆ ಕ್ಯಾಮೆರಾ ಇಳಿಸಿ) ತೆಗೆದ ಚೂರಿನಲ್ಲಿ ಸಿಕ್ಕಿಬೀಳುವುದೂ ಇದೆ. ಇದಕ್ಕೆ ಮದ್ದಿದೆ, ಗ್ಯಾನ್‌ಸೈಕ್ಲೊವಿರ್. ಹೋಗುವಾಗ ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಪಟ್ಟಿ, ಬೇಧಿ ಶುರುವಾದ ತಾರೀಕು ಬರೆದ ಕಾಗದ ಒಂದೇ ಫೈಲಿನಲ್ಲಿರಲಿ. ಮಾವನ ಫೈಲು ಕಪಾಟಿನಲ್ಲೇ ಉಳಿದು, ಅದನ್ನು ತರಲು ಕೇರಳ-ಕರ್ನಾಟಕ ಗಡಿಯ ತಲಪಾಡಿಯಿಂದ ವಾಪಸ್ ಬರಬೇಕಾಯಿತು.